ಶಾಲೆಯ ಗೇಟಿನ ಹತ್ತಿರ ಕನ್ನಡ ಬೇಡ ಎಂದ ಮಗಳು

ಪ್ರಶ್ನೆ: ನಾನು ಗದಗದವಳು. ಮದುವೆಯಾಗಿ ಪುಣೆಗೆ ಬಂದು 9 ವರ್ಷವಾಯಿತು. ಗಂಡನ ಮನೆಮಾತು ಮರಾಠಿ, ಅತ್ತೆಯವರೂ ನಮ್ಮ ಜೊತೆಗೇ ಇದ್ದಾರೆ. ಮಗಳಿಗೆ ನಾಲ್ಕೂವರೆ ವರ್ಷ. ಬೆಳಿಗ್ಗೆ ‘ಲಗೂ ಏಳು, ಹಲ್ಲ ತಿಕ್ಕು, ಹಾಲ ಕುಡಿ’ ಎನ್ನುವುದರಿಂದ ಹಿಡಿದು ರಾತ್ರಿ ‘ಮಕ್ಕೋ’ ಎನ್ನುವವರೆಗೆ ಅವಳ ಹತ್ತಿರ ನನ್ನದು ಕನ್ನಡವೇ. ಮರೆಯಬಾರದೆಂದು ಕಂಡದ್ದನ್ನೆಲ್ಲ ತೋರಿಸಿ ‘ಇದಕ್ಕ ಕನ್ನಡದಾಗ ಏನಂತಾರ?’ ಎಂದು ಕೇಳುತ್ತಿರುತ್ತೇನೆ. ಆದರೆ ಬಾಲವಾಡಿಗೆ ಹೋಗತೊಡಗಿದ ಮೇಲೆ ಅವಳು ನನಗೂ ಮರಾಠಿಯಲ್ಲೇ ಉತ್ತರ ಕೊಡುತ್ತಾಳೆ. ಅಪರೂಪಕ್ಕೆ ಕನ್ನಡ ಆಡಿದರೂ ‘ನಾ ಖೇಳತೀನಿ’ ಎಂಬಂಥ ಬೆರಕೆ. ಮಗುವಿಗೆ ಗೊಂದಲವಾಗುತ್ತಿದೆ, ಒಂದೇ ಭಾಷೆ ಇಟ್ಟುಕೊಳ್ಳಿ ಎಂದು ಅವಳ ಶಿಕ್ಷಕಿ ಹೇಳಿದ್ದಾರೆ. ಅತ್ತೆಗೂ ಹಾಗೇ ಅನ್ನಿಸುತ್ತದೆ. ದೀಪಾವಳಿಗೆ ಊರಿಗೆ ಹೋದಾಗ ನಮ್ಮಪ್ಪ ‘ಏನ್ ತಿಂತೀ ಯವ್ವಾ?’ ಎಂದು ಕೇಳಿದರೆ ‘ಕಾಹೀ ನಕೋ’ (ಏನೂ ಬೇಡ) ಅಂದಳು. ಅಣ್ಣನ ಮಕ್ಕಳು ಬಿದ್ದು ಬಿದ್ದು ನಕ್ಕರು. ಅಪ್ಪ ಆಮೇಲೆ ಅವಳನ್ನು ಹೆಚ್ಚು ಮಾತಾಡಿಸಲಿಲ್ಲ. ಹೋದ ವಾರ ಶಾಲೆಯ ಗೇಟಿನ ಹತ್ತಿರ ‘ಆಈ, ಇಥೆ ಕಾನಡಿ ನಕೋ ಬೋಲೂ’ (ಅವ್ವಾ, ಇಲ್ಲಿ ಕನ್ನಡ ಮಾತಾಡಬೇಡ) ಅಂದಳು. ಅವ್ವಾ ಅನ್ನುತ್ತಿದ್ದವಳು ಈಗ ಆಈ ಅನ್ನುತ್ತಾಳೆ. ಕನ್ನಡ ಬಿಟ್ಟುಬಿಡಲೇ? ಇಲ್ಲ, ಮರಾಠಿ ತಿಳಿಯದವಳಂತೆ ಸುಮ್ಮನಿದ್ದು ಅವಳ ಬಾಯಿಂದ ಕನ್ನಡ ಆಡಿಸಲೇ?

ಉತ್ತರ: ತಂಗೀ, ಎರಡೂ ಬೇಡ.

ನಿಮ್ಮ ಪತ್ರ ಓದುವಾಗ ಗೇಟಿನ ಹತ್ತಿರದ ಮಾತಿಗಿಂತ ಹೆಚ್ಚು ನನ್ನನ್ನು ಕಾಡಿದ್ದು ‘ಅಪ್ಪ ಆಮೇಲೆ ಅವಳನ್ನು ಹೆಚ್ಚು ಮಾತಾಡಿಸಲಿಲ್ಲ’ ಎಂಬ ಸಾಲು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ‘ನಾ ಖೇಳತೀನಿ’ಯನ್ನು ನೋಡೋಣ. ನೀವು ಅದನ್ನು ಬೆರಕೆ ಎಂದಿರಿ. ನಾನು ಬೆಳಗಾವಿಯ ಗಲ್ಲಿಯಲ್ಲಿ ಎರಡೂ ಭಾಷೆ ಕೇಳುತ್ತ ಬೆಳೆದವಳು, ನನಗೆ ಆ ಮಾತು ಕೇಳಿ ಖುಷಿಯಾಯಿತು. ಖೇಳ್ ಎಂಬ ಮರಾಠಿ ಧಾತುವಿಗೆ ‘ತೀನಿ’ ಎಂಬ ಕನ್ನಡದ ಬಾಲವನ್ನು ಅವಳು ಒಂದಿಷ್ಟೂ ತಪ್ಪದೆ ಜೋಡಿಸಿದ್ದಾಳೆ. ‘ಆಡು’ ಎಂಬ ಒಂದು ಪದ ಆ ಗಳಿಗೆಗೆ ಕೈಗೆ ಸಿಗಲಿಲ್ಲ, ಅಷ್ಟೇ. ಕನ್ನಡದ ವ್ಯಾಕರಣ ಅವಳೊಳಗೆ ಗಟ್ಟಿಯಾಗಿ ಕೂತಿದೆ. ಮರಾಠಿಯಲ್ಲಿ ಹೆಣ್ಣುಮಗು ‘ಮೀ ಜಾತೆ’ ಅನ್ನಬೇಕು, ಗಂಡುಮಗು ‘ಮೀ ಜಾತೋ’. ಕನ್ನಡದಲ್ಲಿ ಇಬ್ಬರೂ ‘ಹೋಗ್ತೀನಿ’. ನಮ್ಮಲ್ಲಿ ತಾಯಿ ಅಂದರೆ ಹಡೆದವಳು, ಅಲ್ಲಿ ಹೆಚ್ಚುಕಡಿಮೆ ಅದೇ ಉಚ್ಚಾರಕ್ಕೆ ಅಕ್ಕ ಎಂದರ್ಥ. ಇಷ್ಟನ್ನೆಲ್ಲ ಯಾರೂ ಕೂರಿಸಿ ಕಲಿಸದೆ ನಿಮ್ಮ ಮಗಳು ತಾನಾಗಿಯೇ ಬೇರ್ಪಡಿಸಿಕೊಳ್ಳುತ್ತಿದ್ದಾಳೆ.

ಶಿಕ್ಷಕಿ ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ಎರಡು ಭಾಷೆಯ ಮಕ್ಕಳು ಬುದ್ಧಿಯಲ್ಲಿ ಹಿಂದೆ ಬೀಳುತ್ತಾರೆ ಎಂದು ಹೇಳಿದ ವೇಲ್ಸ್‌ನ ಅಧ್ಯಯನವೊಂದು 1923ರಲ್ಲೇ ಬಂದಿತ್ತು. ಮಕ್ಕಳ ಮನೆಯ ಸ್ಥಿತಿಗತಿಯನ್ನು ಸರಿಯಾಗಿ ತೂಗಿ ನೋಡದೆ ಮಾಡಿದ ಅಂಥ ಹೋಲಿಕೆಗಳು ಎಷ್ಟೋ ದಶಕ ಜನರ ತಲೆಯಲ್ಲಿ ಉಳಿದವು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳನ್ನು ಸರಿಯಾಗಿ ಹೋಲಿಸಿ ನೋಡಿದಾಗ ಎರಡು ಭಾಷೆ ಬಲ್ಲವರು ಯಾವುದರಲ್ಲೂ ಹಿಂದಿರಲಿಲ್ಲ. ಆ ಹಳೇ ಹೆದರಿಕೆ ಮಾತ್ರ ಇನ್ನೂ ಬಾಲವಾಡಿಗಳಲ್ಲಿ ಓಡಾಡಿಕೊಂಡಿದೆ. ಮಗು ಯಾವ ಭಾಷೆಯಲ್ಲೂ ವಯಸ್ಸಿಗೆ ತಕ್ಕಂತೆ ಮಾತಾಡದಿದ್ದರೆ ವಾಕ್ ತಜ್ಞರ ಹತ್ತಿರ ಹೋಗಬೇಕು. ಮರಾಠಿಯಲ್ಲಿ ಅರಳು ಹುರಿದಂತೆ ಮಾತಾಡುವ ನಿಮ್ಮ ಮಗಳಿಗೆ ಅದರ ಅಗತ್ಯವಿಲ್ಲ.

ಹಾಗೆಂದು ನಿಮ್ಮ ಭಯ ಸುಳ್ಳು ಎಂದು ಸಮಾಧಾನ ಹೇಳಲಾರೆ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಹೊರಗಿನ ಭಾಷೆ ಒಂದು, ಮನೆಯಲ್ಲಿ ಇನ್ನೊಂದೂ ಇರುವ ಸುಮಾರು 1,900 ಕುಟುಂಬಗಳನ್ನು ಅನಿಕ್ ಡಿ ಹೌವರ್ ಎಂಬ ಭಾಷಾವಿದುಷಿ ವಿಚಾರಿಸಿದ್ದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹೆಚ್ಚುಕಡಿಮೆ ಕಾಲು ಭಾಗ ಮಕ್ಕಳು ಆ ಮನೆಮಾತನ್ನು ಆಡುತ್ತಲೇ ಇರಲಿಲ್ಲ. ತಂದೆತಾಯಿ ಇಬ್ಬರ ಬಾಯಲ್ಲೂ ಆ ಭಾಷೆ ಇದ್ದ ಮನೆಗಳಲ್ಲಿ ಅದು ಹೆಚ್ಚು ಉಳಿದಿತ್ತು. ಒಬ್ಬರಿಗೆ ಒಂದು ಭಾಷೆ ಎಂದು ಹಂಚಿಕೊಳ್ಳುವ ಪದ್ಧತಿಯನ್ನು ಬಹಳ ಜನ ನಂಬುತ್ತಾರೆ, ಆದರೆ ಅದೊಂದರಿಂದಲೇ ಕೆಲಸವಾಗುವುದಿಲ್ಲ. ಮಗುವಿಗೆ ಆ ಭಾಷೆಯ ಗರಜು ಬೀಳಬೇಕು.

ಈಗ ನಿಮಗೆ ಸ್ವಲ್ಪ ನೋವಾಗಬಹುದಾದ ಮಾತು. ನೀವು ಬರೆದ ನಿಮ್ಮ ಕನ್ನಡವನ್ನು ಇನ್ನೊಮ್ಮೆ ಓದಿ. ಏಳು, ತಿಕ್ಕು, ಕುಡಿ, ಮಕ್ಕೋ. ಅದು ಬಿಟ್ಟರೆ ‘ಏನಂತಾರ?’ ಎಂಬ ಪರೀಕ್ಷೆ. ಅವಳ ದಿನದಲ್ಲಿ ಕನ್ನಡ ಬರುವುದು ಅಪ್ಪಣೆಯಾಗಿ, ಇಲ್ಲವೇ ಪ್ರಶ್ನೆಪತ್ರಿಕೆಯಾಗಿ. ಕಥೆ, ನಗೆ, ಗುಟ್ಟು, ಜಗಳ, ಚಾಡಿ ಎಲ್ಲವೂ ಮರಾಠಿಯಲ್ಲಿ. ಹಾಗಿರುವಾಗ ಯಾವ ಭಾಷೆಯ ಕಡೆಗೆ ಮಗು ಓಡುತ್ತದೆ? ಇದು ನಿಮ್ಮ ತಪ್ಪು ಎಂದು ಹೇಳುತ್ತಿಲ್ಲ. ಒಬ್ಬಳೇ ಒಂದು ಭಾಷೆಯನ್ನು ಹೊತ್ತುಕೊಂಡವಳಿಗೆ ಅದು ಹೀಗೆ ಕೆಲಸವಾಗಿಬಿಡುತ್ತದೆ. ಸುತ್ತ ಕನ್ನಡ ಆಡುವವರಿಲ್ಲದ ಮನೆಯಲ್ಲಿ ನಿಮ್ಮ ಕನ್ನಡವೂ ಬಡವಾಗಿದೆ; ಅದಕ್ಕೂ ಹೊಟ್ಟೆ ತುಂಬಬೇಕು.

ಆದ್ದರಿಂದ ‘ಏನಂತಾರ?’ ಇವತ್ತಿನಿಂದಲೇ ನಿಲ್ಲಿಸಿ. ಅದರ ಬದಲು ಹರಟೆ ಹೊಡೆಯಿರಿ. ಭಾಜಿ ಮಂಡಿಯಲ್ಲಿ ಮೆಂತ್ಯದ ಸೂಡು ಬಾಡಿದ್ದು, ಆಫೀಸಿನಲ್ಲಿ ಲಿಫ್ಟ್ ಕೆಟ್ಟು ಹತ್ತಿ ಇಳಿದದ್ದು, ನೀವು ಸಣ್ಣವರಿದ್ದಾಗ ಜೋಕಾಲಿಯಿಂದ ಬಿದ್ದು ಗದ್ದ ಒಡಕೊಂಡದ್ದು, ನಾಗರ ಪಂಚಮಿಗೆ ಉಂಡಿ ಕದ್ದು ತಿಂದದ್ದು. ಅವ್ವ ಸಣ್ಣಾಕಿ ಇದ್ದಾಗ ಮಾಡಿದ ತಪ್ಪು ಕೇಳುವುದೆಂದರೆ ಮಕ್ಕಳಿಗೆ ಜೀವ. ರೊಟ್ಟಿ ಬಡಿಯುವಾಗ ಅವಳಿಗೂ ಒಂದು ಹಿಟ್ಟಿನ ಉಂಡೆ ಕೊಡಿ, ಕೈ ಕೆಲಸದಲ್ಲಿದ್ದಾಗ ಬಾಯಿ ತಾನಾಗಿ ಬಿಚ್ಚುತ್ತದೆ.

ಅವಳು ಮರಾಠಿಯಲ್ಲಿ ಉತ್ತರ ಕೊಟ್ಟರೆ ಕೊಡಲಿ. ‘ಮಲಾ ದೂಧ್ ನಕೋ’ ಅಂದಳೆನ್ನಿ. ‘ಹಾಲು ಬ್ಯಾಡೇನು? ಹಂಗಾರ ಮಜ್ಜಿಗಿ ಕುಡೀತಿಯೋ, ನೀರು ಕುಡೀತಿಯೋ?’ ಎಂದು ನೀವು ಕನ್ನಡದಲ್ಲಿ ಮುಂದುವರಿಸಿ. ಎರಡರಲ್ಲಿ ಒಂದನ್ನು ಆರಿಸುವ ಪ್ರಶ್ನೆ ಕೇಳಿದರೆ ಪದವನ್ನು ನೀವೇ ಅವಳ ಕೈಗೆ ಕೊಟ್ಟಂತೆ. ಅವಳು ಅದನ್ನು ಎತ್ತಿಕೊಂಡರೆ ಸಾಕು. ತಿಳಿಯದವಳಂತೆ ನಟಿಸುವುದು ಮಾತ್ರ ಖಂಡಿತ ಬೇಡ. ನೀವು ಅತ್ತೆಯ ಜೊತೆ ದಿನವೂ ಮರಾಠಿ ಆಡುವುದನ್ನು ಅವಳು ನೋಡುತ್ತಾಳೆ. ಬಾಯಾರಿ ಬಂದ ಮಗುವಿನ ಮುಂದೆ ಅವ್ವ ಸುಳ್ಳು ಕಿವುಡಿಯಾದರೆ ಅವಳಿಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ, ಕನ್ನಡದ ಮೇಲೆ.

ಗೇಟಿನ ಮಾತಿಗೆ ಅಷ್ಟು ಅಳಬೇಡಿ. ನಾಲ್ಕೂವರೆ ವರ್ಷಕ್ಕೆ ಮಕ್ಕಳಿಗೆ ಗೆಳತಿಯರಂತೆಯೇ ಇರಬೇಕು ಅನ್ನಿಸತೊಡಗುತ್ತದೆ. ಡಬ್ಬಿ, ರಿಬ್ಬನ್, ಅವ್ವ ಆಡುವ ಮಾತು ಎಲ್ಲವೂ ಅದರಲ್ಲಿ ಬರುತ್ತದೆ. ಒಂದು ಒಪ್ಪಂದ ಮಾಡಿಕೊಳ್ಳಿ. ಗೇಟಿನಲ್ಲಿ ಅವಳ ಗೆಳತಿಯರನ್ನು ಮರಾಠಿಯಲ್ಲೇ ಚೆನ್ನಾಗಿ ಮಾತಾಡಿಸಿ, ಅವಳಿಗೂ ಅಲ್ಲಿ ಮರಾಠಿ ಇರಲಿ. ಸ್ಕೂಟರ್ ಶುರುವಾದ ಕೂಡಲೇ ಕನ್ನಡ. ಶಾಲೆಯಿಂದ ಮನೆಯವರೆಗಿನ ಸ್ಕೂಟರ್ ದಾರಿ ಕಾಲು ಗಂಟೆಯದಾದರೂ ಅದು ನಿಮ್ಮಿಬ್ಬರದೇ ಆಗಲಿ. ಆಈ ಎಂದು ಕರೆದರೂ ಓಗೊಡಿ. ಅದೂ ನಿಮ್ಮನ್ನೇ ಕರೆದದ್ದು.

ಅತ್ತೆಯವರ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಮರಾಠಿಯಲ್ಲಿ ‘ನಾವು’ ಎನ್ನಲು ಎರಡು ಮಾತಿವೆ, ನಿಮಗೆ ಗೊತ್ತೇ ಇದೆ. ಕೇಳುವವರನ್ನೂ ಸೇರಿಸಿಕೊಂಡರೆ ‘ಆಪಣ್’, ಬಿಟ್ಟರೆ ‘ಆಮ್ಹಿ’. ಊಟಕ್ಕೆ ಕೂತಾಗ ನೀವು ತಾಯಿಮಗಳು ಕನ್ನಡದಲ್ಲಿ ಮಾತಿಗಿಳಿದರೆ ಅವರು ‘ಆಮ್ಹಿ’ಯ ಹೊರಗೆ ಉಳಿದುಬಿಡುತ್ತಾರೆ. ಒಂದೇ ಭಾಷೆ ಸಾಕು ಎಂಬ ಅವರ ಮಾತಿನ ಹಿಂದೆ ಆ ಒಂಟಿತನವೂ ಇರಬಹುದು. ನೀವು ಆಡಿದ್ದನ್ನು ಕೂಡಲೇ ಅವರಿಗೂ ಮರಾಠಿಯಲ್ಲಿ ಹೇಳಿ, ಅಥವಾ ‘ಇವತ್ತು ಆಜಿ ಯಾವ ಕಥೆ ಹೇಳಿದರು, ನನಗೂ ಹೇಳು’ ಎಂದು ಮಗಳನ್ನು ಕೇಳಿ. ಆಜಿಯ ಕಥೆ ಕನ್ನಡಕ್ಕೆ ಬಂದರೆ ಅವರಿಗೂ ಹೆಮ್ಮೆ.

ಗಂಡನಿಗೆ ದೊಡ್ಡ ಕೆಲಸವಿದೆ. ಒಂಬತ್ತು ವರ್ಷದಲ್ಲಿ ನೀವು ಅವರ ಭಾಷೆಯನ್ನು ಪೂರ್ತಿ ಕಲಿತಿರಿ, ಅವರು ನಿಮ್ಮದನ್ನು ಎಷ್ಟು ಕಲಿತರು ಎಂದು ನಾನು ಕೇಳಲೇಬೇಕು. ದಿನಕ್ಕೆ ಹತ್ತು ಮಾತು ಮಗಳ ಕಡೆಯಿಂದಲೇ ಕಲಿಯಲಿ. ಅವರು ‘ಬಾಳೆಹಣ್ಣು’ ಎನ್ನಲು ಹೋಗಿ ತಡವರಿಸಲಿ, ಅವಳು ತಿದ್ದಲಿ. ನಾಲ್ಕೂವರೆ ವರ್ಷದವಳಿಗೆ ಅಪ್ಪನನ್ನು ತಿದ್ದುವ ಭಾಷೆ ಎಂದರೆ ಅದರ ಬೆಲೆಯೇ ಬೇರೆ. ಕನ್ನಡದ ಮಕ್ಕಳನ್ನೂ ಹುಡುಕಿಕೊಳ್ಳಿ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು ಸುಮಾರು 10 ಲಕ್ಷ. ಪುಣೆಯಲ್ಲಿ ಕನ್ನಡ ಸಂಘವೂ ಇದೆ. ಜೊತೆಗೆ ಆಡಲು ಕನ್ನಡದ ಒಬ್ಬಳು ಗೆಳತಿ ಸಿಕ್ಕರೂ ನಿಮ್ಮ ಹೊರೆ ಅರ್ಧ ಇಳಿಯುತ್ತದೆ.

ಇನ್ನು ನಿಮ್ಮಪ್ಪ. ಅವರು ಮುನಿದುಕೊಂಡಿಲ್ಲ, ಸೋತಿದ್ದಾರೆ. ಮೊಮ್ಮಗಳಿಗೆ ತನ್ನ ಮಾತು ತಿಳಿಯುವುದಿಲ್ಲ ಎಂದುಕೊಂಡಿದ್ದಾರೆ. ಮೊದಲು ಅವರಿಗೆ ಫೋನ್ ಮಾಡಿ ‘ಅಪ್ಪಾ, ಆಕಿಗೆ ನೀ ಅಂದಿದ್ದು ಅಷ್ಟೂ ತಿಳೀತಿತ್ತು’ ಎಂದು ಹೇಳಿ. ತಿಳಿದದ್ದಕ್ಕೇ ಅಲ್ಲವೇ ಏನೂ ಬೇಡ ಅಂದದ್ದು? ಊಟ ಆತೇನು, ಸಾಲಿಗೆ ಹೋಗಿದ್ದೇನು ಎಂಬ ವಿಚಾರಣೆ ಬಿಟ್ಟು ವಿಡಿಯೊ ಕಾಲ್‌ನಲ್ಲಿ ದಿನಕ್ಕೆ ಐದು ನಿಮಿಷ ಒಂದು ಕಥೆ ಹೇಳಲಿ, ಹುಲಿ ಬಾವಿಗೆ ಇಣುಕುವ ಜಾಗದಲ್ಲಿ ನಿಲ್ಲಿಸಿ ‘ಉಳಿದದ್ದು ನಾಳೆ’ ಅನ್ನಲಿ. ಅಣ್ಣನ ಮಕ್ಕಳಿಗೆ ನಗಬೇಡಿ ಎಂದು ನೀವೇ ಕೂರಿಸಿಕೊಂಡು ಹೇಳಬೇಕು. ಆ ನಗುವಿನಷ್ಟು ಬೇಗ ಮಗುವಿನ ಬಾಯಿ ಮುಚ್ಚಿಸುವುದು ಬೇರೊಂದಿಲ್ಲ.

ಮೇ ತಿಂಗಳಿಗೆ ಗದಗಕ್ಕೆ ಟಿಕೆಟ್ ಈಗಲೇ ಮಾಡಿಸಿ. ಎರಡು ದಿನಕ್ಕೆ ಓಡಿ ಬರುವ ಹಬ್ಬದ ಪ್ರಯಾಣ ಬೇಡ, ಮೂರು ನಾಲ್ಕು ವಾರ ಇರಿ. ನೀವು ಪಕ್ಕದಲ್ಲಿದ್ದರೆ ಅವಳು ನಿಮ್ಮ ಕಿವಿಯಲ್ಲಿ ಮರಾಠಿಯಲ್ಲಿ ಹೇಳಿ ನಿಮ್ಮಿಂದ ಅಜ್ಜನಿಗೆ ಹೇಳಿಸುತ್ತಾಳೆ. ಹಾಗಾಗಿ ಮಧ್ಯಾಹ್ನದ ಹೊತ್ತು ಹಳೇ ಗೆಳತಿಯ ಮನೆಗೆ ಹೋಗಿಬಿಡಿ, ಅಜ್ಜ ಮೊಮ್ಮಗಳನ್ನು ಅವರ ಪಾಡಿಗೆ ಬಿಡಿ. ಕಪಾಟಿನ ಮೇಲಿನ ಚುರುಮುರಿ ಡಬ್ಬಿ ಬೇಕೆಂದರೆ ಅವಳು ಅಜ್ಜನನ್ನೇ ಕೇಳಬೇಕು.