ಪಾಸ್ಟರ್ ಆದವರು ಉದಾರವಾದಿ ಆಗಿರೋಕೆ ಸಾಧ್ಯವಾ?

ಸತ್ಯವೇದವನ್ನ, ಅಂದರೆ ಬೈಬಲನ್ನ, ಅಕ್ಷರಕ್ಕೆ ಅಕ್ಷರ ಹಿಡಿಯದೆ ಮುಕ್ತವಾಗಿ ಯೋಚಿಸೋ ಉದಾರವಾದಿ ಪಾಸ್ಟರ್ ಆಗಿರಬಹುದಾ ಅಂತ ಕೇಳಿದ್ದೀರಿ. ನೀವು ಕೇಳಿರೋದು ಒಂದಲ್ಲ, ಮೂರು ಪ್ರಶ್ನೆ. ಸತ್ಯವೇದದ ಪ್ರತಿ ಅಕ್ಷರವನ್ನೂ ನಂಬದ ಪಾಸ್ಟರ್ ಪ್ರಸಂಗ ಮಾಡೋದು ಮೋಸ ಅಲ್ವಾ? ನಂಬಿಕೆ ಸಡಿಲವಾದರೆ ನೀತಿಯೂ ಸಡಿಲ ಆಗಲ್ವಾ? ಚುನಾವಣೆ ಬಂದಾಗ ಚರ್ಚಿನೊಳಗೆ ರಾಜಕೀಯ ಮಾತಾಡಬಹುದಾ?

ನಾನು ದಾವಣಗೆರೆಯಲ್ಲಿ ಒಂದು ಸಣ್ಣ ಸಭೆಯ ಪಾಸ್ಟರ್. ನಮ್ಮ ಸಭೆಯಲ್ಲಿ ಹಮಾಲಿ ಮಾಡುವವರಿದ್ದಾರೆ, ಮಂಡಕ್ಕಿ ಭಟ್ಟಿಗೆ ಹೋಗುವವರಿದ್ದಾರೆ, ಇಬ್ಬರು ನರ್ಸ್‌ಗಳಿದ್ದಾರೆ, ಹತ್ತಿ ಗಿರಣಿ ಮುಚ್ಚಿದ ಮೇಲೆ ಆಟೋ ಓಡಿಸಿದ ಒಬ್ಬ ಹಿರಿಯರಿದ್ದಾರೆ. ಉದಾರವಾದಿ ಅನ್ನೋ ಪದ ಅವರ ಬಾಯಲ್ಲಿ ಯಾವತ್ತೂ ಬಂದಿಲ್ಲ. "ನಮ್ಮ ಅಯ್ಯಾರು ಸ್ವಲ್ಪ ಬೇರೆ ಥರ" ಅಂತಾರೆ, ಅಷ್ಟೆ.

ಅಕ್ಷರದ ವಿಷಯಕ್ಕೆ ಬರೋಣ. ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಗಿಡಮರ, ಮೀನು, ಹಕ್ಕಿ, ಪ್ರಾಣಿ ಎಲ್ಲಾ ಆದಮೇಲೆ ಕೊನೆಗೆ ಮನುಷ್ಯ ಬರುತ್ತಾನೆ. ಎರಡನೇ ಅಧ್ಯಾಯದಲ್ಲಿ ಮೊದಲು ಗಂಡಸು, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕೊನೆಗೆ ಹೆಂಗಸು. ಎರಡನ್ನೂ ಅಕ್ಷರ ಬಿಡದೆ ನಂಬೋದು ಹೇಗೆ ಹೇಳಿ? ಈ ಎರಡು ಕತೆಗಳನ್ನ ಪಕ್ಕಪಕ್ಕ ಇಟ್ಟವರಿಗೂ ಇದು ಕಂಡಿರಲೇಬೇಕು. ಅವರೇನೂ ನಮ್ಮಷ್ಟು ಗಾಬರಿಯಾದ ಹಾಗೆ ಕಾಣಲ್ಲ. ಇನ್ನು ನಮ್ಮ ಕೈಯಲ್ಲಿರೋದು ಕನ್ನಡ ಅನುವಾದ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂತು. ಆಮೇಲೂ ಅದನ್ನ ತಿದ್ದಿದ್ದಾರೆ, ಹೊಸದಾಗಿ ಮಾಡಿದ್ದಾರೆ. ಹಾಗಾದರೆ ಯಾವ ಅಕ್ಷರ?

ಸತ್ಯವೇದದಲ್ಲಿ ಪೌಲ ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯದಲ್ಲಿ ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕು ಅಂತ ಇದೆ. ಮೂರು ಅಧ್ಯಾಯ ಹಿಂದಕ್ಕೆ ಹೋದರೆ, ಅದೇ ಪತ್ರದಲ್ಲೇ ಹೆಂಗಸರು ಪ್ರಾರ್ಥನೆ ಮಾಡೋದು, ಪ್ರವಾದಿಸೋದು, ಅಂದರೆ ದೇವರ ಮಾತು ಸಾರೋದು, ಕಾಣುತ್ತೆ. ಮೊದಲನೆಯದನ್ನು ಕಂಠಪಾಠ ಮಾಡಿದವರು ನೂರು ಜನ ಸಿಗ್ತಾರೆ, ಎರಡನೆಯದನ್ನು ಓದಿದವರು ಕಡಿಮೆ. ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, 1976ರಲ್ಲಿ ಮೊದಲ ಸಲ ಹೆಣ್ಣುಮಗಳಿಗೆ ಗುರುದೀಕ್ಷೆ, ಅಂದರೆ ಪಾಸ್ಟರ್ ಆಗೋ ದೀಕ್ಷೆ, ಕೊಟ್ಟಿತು. 2013ರಲ್ಲಿ ನಂದ್ಯಾಲದ ಬಿಷಪ್ ಆಗಿ ಇ. ಪುಷ್ಪಲಲಿತಾ ಬಂದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಎರಡನೆಯದು, ನೀತಿ. ಅಕ್ಷರ ಹಿಡಿದುಕೊಂಡವರಿಗೆ ಒಂದು ಅನುಕೂಲ ಇದೆ ನೋಡಿ. "ನಾನಲ್ಲ, ದೇವರೇ ಹಾಗೆ ಹೇಳಿದ್ದಾನೆ" ಅಂದು ಕೈತೊಳೆದುಕೊಳ್ಳಬಹುದು. ನನಗೆ ಅದಿಲ್ಲ. ಕೆಲವು ವರ್ಷದ ಹಿಂದೆ ನಮ್ಮ ಸಭೆಯ ಒಬ್ಬ ಹುಡುಗ ತಾನೇ ಪ್ರಾಣ ಕಳೆದುಕೊಂಡ. ಪ್ರಾರ್ಥನೆ ಗೀರ್ಥನೆ ಬೇಡ, ಸ್ಮಶಾನದ ಮೂಲೆಯಲ್ಲಿ ಮಣ್ಣು ಮಾಡಿ ಮುಗಿಸೋಣ ಅಂದರು ಹಿರಿಯರು. ನಾನು ಅವನ ಅಜ್ಜಿಯ ಸಮಾಧಿ ಪಕ್ಕದಲ್ಲೇ ಗುಂಡಿ ತೆಗೆಸಿದೆ. ಒಂದು ಸಾಲೂ ಬಿಡದೆ ಪೂರ್ತಿ ಪ್ರಾರ್ಥನೆ ಓದಿದೆ. ಅವನ ಅಪ್ಪ ಹಿಡಿ ಮಣ್ಣು ಹಾಕೋಕೆ ಬಗ್ಗಿದವರು ಹತ್ತು ನಿಮಿಷ ಏಳಲೇ ಇಲ್ಲ. ಮುಂದಿನ ವಾರದಿಂದ ಒಂದು ಮನೆಯವರು ನಮ್ಮ ಸಭೆಗೆ ಬರೋದು ಬಿಟ್ಟರು. ಒಳ್ಳೆಯವರೇ. ಅವರು ಹೋದದ್ದಕ್ಕೆ ನಾನು ಯಾವ ವಚನವನ್ನೂ ಹೊಣೆ ಮಾಡೋಕಾಗಲ್ಲ. ನೀತಿ ಸಡಿಲ ಆಗುತ್ತೆ ಅಂತೀರಲ್ಲ, ನನ್ನ ಅನುಭವದಲ್ಲಿ ಅದು ಇನ್ನೂ ಬಿಗಿಯಾಗಿದೆ.

ರಾಜಕೀಯದ ವಿಷಯದಲ್ಲಿ ಕಾನೂನಿನಿಂದಲೇ ಶುರು ಮಾಡ್ತೀನಿ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 123ನೇ ಕಲಂ ಪ್ರಕಾರ ಅಭ್ಯರ್ಥಿಯಾಗಲಿ, ಅವರ ಒಪ್ಪಿಗೆ ಪಡೆದು ಬೇರೆಯವರಾಗಲಿ ಧರ್ಮದ ಹೆಸರಲ್ಲಿ ವೋಟು ಕೇಳಿದರೆ ಅದು ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮದ ಹೆಸರೂ ಇದರಲ್ಲಿ ಸೇರುತ್ತೆ ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಹೌದು ಅಂದರು, ಮೂವರು ಒಪ್ಪಲಿಲ್ಲ. ವೋಟು ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗ್ತೀರಿ ಅಂತ ಹೆದರಿಸೋದೂ ಅದೇ ಕಲಂನಲ್ಲಿ ಬರುತ್ತೆ. ಈ ಕಾನೂನು ಬರೆದವರಿಗೆ ನಮ್ಮಂಥ ಪಾಸ್ಟರು, ಸ್ವಾಮಿಗಳು, ಮೌಲ್ವಿಗಳ ಬುದ್ಧಿ ಚೆನ್ನಾಗೇ ಗೊತ್ತಿತ್ತು.

ನನ್ನ ಬುದ್ಧಿಯೂ ಅದರಲ್ಲಿ ಸೇರಿದೆ. ಕೆಲಸಕ್ಕೆ ಹೊಸದಾಗಿ ಬಂದಾಗ ಒಬ್ಬ ರಾಜಕಾರಣಿ ನಮ್ಮ ಚರ್ಚಿನ ಬೋರ್‌ವೆಲ್‌ಗೆ ಮೋಟಾರು ಹಾಕಿಸಿಕೊಟ್ಟರು. ಹೆಸರು ಬೇಡ. ನೀರು ಬಂದ ಖುಷಿಯಲ್ಲಿ ಭಾನುವಾರ ಅವರ ಹೆಸರು ಹಿಡಿದು ಪ್ರಾರ್ಥನೆ ಮಾಡಿಬಿಟ್ಟೆ. ಚುನಾವಣೆಗೆ ಇನ್ನು ಮೂರು ವಾರ ಇತ್ತು. ಆರಾಧನೆ ಮುಗಿದಮೇಲೆ ಚಪ್ಪಲಿ ಹುಡುಕುತ್ತಾ ಒಬ್ಬ ಅಜ್ಜಿ ನನ್ನ ಹತ್ತಿರ ಬಂದರು. ಭಟ್ಟಿಯಲ್ಲಿ ದುಡಿದು ದುಡಿದು ಅವರ ಉಗುರಿನ ಸಂದಿಯೆಲ್ಲ ಕಪ್ಪು. "ಅಯ್ಯಾರೆ, ಆ ಸಾಹೇಬ್ರ ಹೆಸ್ರು ಹಿಡಿದು ಪ್ರಾರ್ಥನೆ ಮಾಡಿದ್ರಿ. ನಮ್ ಓಣಿ ನಲ್ಲಿ ಹೆಸ್ರೂ ಒಂದ್ಸಲ ಹಿಡೀರಿ. ಹತ್ತು ದಿನ ಆತು ನೀರ್ ಬಂದು." ಬೈಗುಳವೋ, ತಮಾಷೆಯೋ, ನಿಜವಾಗಿಯೂ ಕೇಳಿದರೋ ಇವತ್ತಿಗೂ ತಿಳಿದಿಲ್ಲ.

ಅವತ್ತಿನಿಂದ ಪ್ರಸಂಗದಲ್ಲಿ ಪಕ್ಷದ ಹೆಸರು, ಅಭ್ಯರ್ಥಿ ಹೆಸರು ಬಂದಿಲ್ಲ. ಓಣಿಯ ನೀರಿನ ಮಾತು ಬಂದಿದೆ, ಕೂಲಿಯ ಮಾತು ಬಂದಿದೆ, ಬೇರೆ ಧರ್ಮದವರನ್ನ ಹೀಯಾಳಿಸೋ ವಾಟ್ಸಾಪ್ ಮೆಸೇಜ್ ಬಂದಿದೆ. ಕೆಲವರು ಇದೂ ರಾಜಕೀಯನೇ ಅಂತಾರೆ. ಇರಬಹುದು. ಸತ್ಯವೇದದ ಆಮೋಸ ಕುರಿ ಕಾಯೋನು, ತಕ್ಕಡಿಯಲ್ಲಿ ಮೋಸ ಮಾಡೋ ವ್ಯಾಪಾರಿಗಳನ್ನ ಮುಖಕ್ಕೆ ಬೈದ ಪ್ರವಾದಿ. ಆ ಭಾಗ ಓದಿದ ಭಾನುವಾರ ನಮ್ಮ ಹಮಾಲಿಗಳು ಒಬ್ಬರ ಮುಖ ಒಬ್ಬರು ನೋಡಿ ನಗ್ತಾರೆ. ಆಮೋಸನ ಬಿಟ್ಟು ಹಾರಿಸಿ ಓದೋಕಾಗುತ್ತಾ?

ಹೋದ ಚುನಾವಣೆಯಲ್ಲೂ ಒಬ್ಬ ಏಜೆಂಟ್ ಬಂದಿದ್ದ. ಭಾನುವಾರ ಒಂದೇ ಒಂದು ಮಾತು ಹೇಳಿ ಅಂದ. ಆರಾಧನೆ ಮುಗಿದಮೇಲೆ ನೀವೇ ಗೇಟಿನ ಹೊರಗೆ ನಿಂತು ಮಾತಾಡಿ, ಟೀ ಬೇಕಾದರೆ ನಾನೇ ಕೊಡಿಸ್ತೀನಿ ಅಂದೆ. ಅವನಿಗೆ ಅದು ರುಚಿಸಲಿಲ್ಲ. ಹೆಲ್ಮೆಟ್ ಹಾಕಿಕೊಳ್ಳುತ್ತಾ, "ಒಳಗೆ ಹೇಳಿದ್ರೇ ತೂಕ ಜಾಸ್ತಿ ಸಾರ್" ಅಂದ.