14 ಜನ ಒಟ್ಟಿಗೆ ಹೋದರೆ ಇಂಗ್ಲಿಷ್ ಬರಲ್ಲ

ಪ್ರತಿ ಸೆಪ್ಟೆಂಬರ್ ಬಂದರೆ ಇದೇ ಪ್ರಶ್ನೆಗಳು. ಡಬ್ಲಿನ್‌ಗೆ ಓದಲು ಬಂದಿಳಿದ ನಮ್ಮ ಹುಡುಗ ಹುಡುಗಿಯರು, ಊರಲ್ಲಿರುವ ಅವರ ಅಪ್ಪ ಅಮ್ಮಂದಿರು, ಇಲ್ಲಿ ವಿದ್ಯಾರ್ಥಿಗಳ ಗುಂಪು ಕಟ್ಟಿಕೊಂಡು ಓಡಾಡುವವರು, ಎಲ್ಲರೂ ಕೇಳುವುದು ಒಂದೇ. ಲೈವ್ ಮ್ಯೂಸಿಕ್ ಕೇಳಲು ಹೋದರೆ ಇಂಗ್ಲಿಷ್ ಮಾತು ಬರುತ್ತಾ? ಬೇರೆ ದೇಶಗಳಿಂದ ಬಂದವರಿಗೆ ಈ ಊರಲ್ಲಿ ಇಂಗ್ಲಿಷ್ ಕಲಿಸಲು ಶುರು ಮಾಡಿ 12 ವರ್ಷ ಆಯ್ತು. ವಿದ್ಯಾರ್ಥಿಗಳನ್ನು ಸಂಗೀತಕ್ಕೆ ಕರೆದುಕೊಂಡು ಹೋಗುವುದು ನನ್ನ ಪಾಠದ ಭಾಗವೇ. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಪ್ರಶ್ನೆ: ಮೇಡಂ, ಹೊಸದಾಗಿ ಬಂದವರಿಗೆ ಇಂಗ್ಲಿಷ್ ಮಾತಾಡುವ ಅಭ್ಯಾಸ ಆಗಲಿ ಅಂತ ನಾವು ಎರಡು ವಾರಕ್ಕೊಮ್ಮೆ ಲೈವ್ ಮ್ಯೂಸಿಕ್ ಇರುವ ಪಬ್‌ಗೆ ಕರೆದುಕೊಂಡು ಹೋಗುತ್ತೇವೆ. ಹೋದ ಸಲ 14 ಜನ ಹೋಗಿದ್ದೆವು. ಸಂಗೀತ ಚೆನ್ನಾಗಿತ್ತು. ಆದರೆ ಕೌಂಟರ್‌ನಲ್ಲಿ ಕೋಕ್ ಕೇಳಿದ್ದು ಬಿಟ್ಟರೆ ಯಾರೂ ಇಂಗ್ಲಿಷ್‌ನಲ್ಲಿ ಒಂದು ಮಾತೂ ಆಡಲಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ಆ 14ರಲ್ಲೇ ತಪ್ಪಿದ್ದೀರಿ. 14 ಜನ ಕನ್ನಡಿಗರು ಒಂದು ಮೂಲೆ ಹಿಡಿದು ಕೂತರೆ ಅದು ಕನ್ನಡದ ಮೂಲೆಯೇ ಆಗುತ್ತದೆ, ಅದರಲ್ಲಿ ಯಾರದ್ದೂ ತಪ್ಪಿಲ್ಲ. ಆದರೆ ಹೊರಗಿನವರು ಯಾರಾದರೂ ಆ ಗುಂಪಿನ ಒಳಗೆ ಬಂದು ಮಾತಾಡಿಸುತ್ತಾರಾ? ನೀವಾದರೂ ಮಾತಾಡಿಸುತ್ತೀರಾ? ಗುಂಪಿನಲ್ಲಿ ಗೋವಿಂದ ಅಂತ ಎಲ್ಲರೂ ಹೋಗುತ್ತಾರೆ, ಫೋಟೋ ತೆಗೆಯುತ್ತಾರೆ, ಬರುತ್ತಾರೆ. ಇಬ್ಬಿಬ್ಬರು ಹೋಗಿ. ಹೆಚ್ಚೆಂದರೆ ಮೂವರು. 14 ಜನ ಇದ್ದರೆ ಏಳು ಜೋಡಿ ಮಾಡಿ, ಬೇರೆ ಬೇರೆ ದಿನ, ಬೇರೆ ಬೇರೆ ಜಾಗಕ್ಕೆ ಕಳಿಸಿ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ, ಆದರೂ ಯಾರೂ ಕೇಳಲ್ಲ, ಯಾಕೆಂದರೆ ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋಗುವುದು ನಿಮ್ಮಂಥ ವಿದ್ಯಾರ್ಥಿ ಸಂಘದವರಿಗೆ ಸುಲಭ.

ಎರಡನೆಯದು ಜಾಗ. ನೀವು ಹೋಗಿದ್ದು ಯಾವ ಪಬ್ ಅಂತ ಬರೆದಿಲ್ಲ. ಸ್ಪೀಕರ್ ಇಟ್ಟು ಮೈಕ್ ಹಿಡಿದು ಹಾಡುವ ಕಡೆ ಹೋಗಿದ್ದರೆ ಮಾತು ಆಗದಿದ್ದದ್ದು ಸಹಜ. ಗದ್ದಲದಲ್ಲಿ ಅರ್ಧ ಶಬ್ದ ಕಿವಿಗೆ ಬಿದ್ದರೂ ಇಲ್ಲಿನವರು ಉಳಿದರ್ಧವನ್ನು ಊಹಿಸಿಕೊಳ್ಳುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಭಾಷೆ, ಮುಂದಿನ ಪದ ಏನು ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ನಮಗೆ ಆ ಊಹೆ ಇಂಗ್ಲಿಷ್‌ನಲ್ಲಿ ಅಷ್ಟು ಬೇಗ ಬರಲ್ಲ. ಕನ್ನಡದಲ್ಲಾದರೆ ಮದುವೆ ಮನೆಯ ವಾಲಗದ ನಡುವೆಯೂ ಅಜ್ಜಿ ಹೇಳಿದ್ದು ಅರ್ಥ ಆಗುತ್ತದೆ, ಅಲ್ವಾ? ಇದೂ ಅಷ್ಟೇ. ಆದ್ದರಿಂದ ಪಬ್‌ನಲ್ಲಿ ಏನೂ ಕೇಳಿಸಲಿಲ್ಲ, ನನ್ನ ಇಂಗ್ಲಿಷ್ ಇಷ್ಟು ಕೆಟ್ಟದ್ದಾ ಅಂತ ಅಳುತ್ತಾ ಬರುವವರಿಗೆ ನಾನು ಹೇಳುವುದು ಒಂದೇ: ನಿಮ್ಮ ಇಂಗ್ಲಿಷ್ ಸರಿ ಇದೆ, ಜಾಗ ಸರಿ ಇಲ್ಲ.

ಮಾತಿಗೆ ಸರಿಯಾದ ಜಾಗ ಐರಿಷ್ ಸೆಷನ್. ಅದು ಸಂಗೀತ ಕಚೇರಿ ಅಲ್ಲ, ನಮ್ಮ ಹಳ್ಳಿಗಳ ಶನಿವಾರದ ಭಜನೆಗೆ ಹತ್ತಿರ. ವೇದಿಕೆ ಇರಲ್ಲ. ಒಂದು ಮೇಜಿನ ಸುತ್ತ ಐದಾರು ಜನ ಫಿಡಲ್, ಕೊಳಲು, ಕೈಯಲ್ಲಿ ಹಿಗ್ಗಿಸಿ ಕುಗ್ಗಿಸಿ ನುಡಿಸುವ ಕಾನ್ಸರ್ಟಿನಾ, ಬೌರಾನ್ ಅನ್ನುವ ಚರ್ಮದ ವಾದ್ಯ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಾ ನುಡಿಸುತ್ತಾರೆ. ಅದೃಷ್ಟ ಇದ್ದರೆ ಇಲನ್ ಪೈಪ್ಸ್ ಕೂಡ ಸಿಗುತ್ತದೆ. ಮೊಣಕೈಯಿಂದ ತಿದಿ ಒತ್ತಿ ನುಡಿಸುವ ಈ ವಾದ್ಯದ ಪರಂಪರೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್, ಮೆರಿಯನ್ ರೋ ಬೀದಿಯ ಓಡೊನಹ್ಯೂಸ್ ಇಂಥ ಸೆಷನ್‌ಗೆ ಹೆಸರಾದ ಪಬ್‌ಗಳು. ಓಡೊನಹ್ಯೂಸ್‌ನಲ್ಲೇ 1962ರಲ್ಲಿ ದ ಡಬ್ಲಿನರ್ಸ್ ಅನ್ನುವ ಹೆಸರಾಂತ ಐರಿಷ್ ಜನಪದ ಸಂಗೀತ ತಂಡ ಶುರುವಾಗಿದ್ದು. ಕಾಬಲ್‌ಸ್ಟೋನ್ ಸುತ್ತ ಹೋಟೆಲ್ ಕಟ್ಟಲು ಹೊರಟಾಗ ಊರಿನವರು ಬೀದಿಗಿಳಿದರು, 2021ರ ನವೆಂಬರ್‌ನಲ್ಲಿ ನಗರಪಾಲಿಕೆ ಅನುಮತಿ ಕೊಡಲಿಲ್ಲ. ಈ ಕಥೆಯನ್ನು ತಲೆಯಲ್ಲಿ ಇಟ್ಟುಕೊಂಡು ಹೋಗಿ. ಪಕ್ಕದಲ್ಲಿ ಕೂತವರನ್ನು ಆ ಬಗ್ಗೆ ಕೇಳಿ ನೋಡಿ, ಅರ್ಧ ಗಂಟೆ ಮಾತಿಗೆ ಬರ ಇಲ್ಲ.

ಸೆಷನ್ ಯಾಕೆ ಅಂದರೆ, ಅದರಲ್ಲಿ ಬಿಡುವು ಇದೆ. ಒಂದು ಟ್ಯೂನನ್ನು ಎರಡು ಮೂರು ಸಲ ತಿರುಗಿಸಿ ನುಡಿಸುತ್ತಾರೆ, ಅದರ ಬೆನ್ನಿಗೇ ಇನ್ನೊಂದು, ಆಮೇಲೆ ಮತ್ತೊಂದು. ಇದಕ್ಕೆ ಸೆಟ್ ಅಂತಾರೆ. ನಾಲ್ಕೈದು ನಿಮಿಷಕ್ಕೆ ಒಂದು ಸೆಟ್ ಮುಗಿಯುತ್ತದೆ. ಆಮೇಲೆ ಅವರಿಗೆ ಏನೂ ಅವಸರ ಇಲ್ಲ. ಫಿಡಲ್ ತೊಡೆ ಮೇಲೆ ಇಳಿಯುತ್ತದೆ, ಕೊಳಲಿನವರು ಒಳಗಿನ ತೇವ ಒರೆಸುತ್ತಾರೆ, ಗ್ಲಾಸ್ ಎತ್ತುತ್ತಾರೆ, ಮಾತು ಶುರುವಾಗುತ್ತದೆ. ನಿಮಗೆ ಬೇಕಾದದ್ದು ಆ ಬಿಡುವಿನ ಐದು ನಿಮಿಷ. ಸಂಗೀತ ನಿಮಗೆ ಇಂಗ್ಲಿಷ್ ಕಲಿಸಲ್ಲ. ಗುರುತು ಪರಿಚಯ ಇಲ್ಲದವರ ಪಕ್ಕ ಸುಮ್ನೆ ಕೂರಲು ಅದು ಒಂದು ನೆಪ ಕೊಡುತ್ತದೆ, ಮಾತಾಡಲು ಒಂದು ವಿಷಯ ಕೊಡುತ್ತದೆ, ಮಾತು ಮುಗಿದು ಇಬ್ಬರೂ ಪೆಚ್ಚಾಗುವ ಹೊತ್ತಿಗೆ ಸರಿಯಾಗಿ ಮುಂದಿನ ಸೆಟ್ ಶುರುವಾಗಿ ನಿಮ್ಮನ್ನು ಕಾಪಾಡುತ್ತದೆ. ಭಾಷೆ ಇನ್ನೂ ತಡವರಿಸುವವರಿಗೆ ಇಷ್ಟು ಅನುಕೂಲದ ಜಾಗ ಬೇರೆ ನಾನು ನೋಡಿಲ್ಲ.

ಈಗ ಏನು ಕೇಳಬೇಕು ಅನ್ನುವುದು. ಡು ಯು ಲೈಕ್ ಮ್ಯೂಸಿಕ್ ಅಂತ ಕೇಳಬೇಡಿ. ಯೆಸ್ ಅಂತಾರೆ, ಮುಗೀತು. ಎರಡು ಪ್ರಶ್ನೆ ಸಾಕು. ಒಂದು, ಈಗ ನುಡಿಸಿದ ಟ್ಯೂನ್‌ನ ಹೆಸರೇನು? ನುಡಿಸಿದವರಿಗೇ ಎಷ್ಟೋ ಸಲ ಹೆಸರು ಗೊತ್ತಿರಲ್ಲ. ಐರಿಷ್‌ನಲ್ಲಿ ಅಂಥ ಟ್ಯೂನ್‌ಗಳಿಗೆ ಗನ್ ಆನಿಮ್ ಅಂತಾರೆ, ಅಂದರೆ ಹೆಸರಿಲ್ಲದ್ದು. ಹೆಸರು ಗೊತ್ತಿಲ್ಲ ಅಂದ ಮೇಲೆ ಅದು ತಮಗೆ ಎಲ್ಲಿಂದ ಬಂತು ಅಂತ ಅವರೇ ಹೇಳಲು ಶುರು ಮಾಡುತ್ತಾರೆ. ಎರಡನೆಯ ಪ್ರಶ್ನೆ, ಯಾರ ಹತ್ತಿರ ಕಲಿತಿರಿ? ನಮ್ಮಲ್ಲಿ ಕಚೇರಿ ಮುಗಿದ ಮೇಲೆ ಯಾರ ಶಿಷ್ಯರು ಅಂತ ಕೇಳಲ್ವಾ, ಅದೇ. ಇಲ್ಲಿ ಬಹಳ ಜನ ಕಿವಿಯಿಂದ ಕಿವಿಗೆ ಕಲಿತವರು. ಅಜ್ಜ, ಚಿಕ್ಕಪ್ಪ, ಪಕ್ಕದ ಮನೆಯ ಫಿಡಲ್ ಮೇಷ್ಟ್ರು, ಹೀಗೆ ಒಬ್ಬರಲ್ಲ ಒಬ್ಬರ ಕಥೆ ಇದ್ದೇ ಇರುತ್ತದೆ.

ಒಂದು ಸಂಜೆ ಹೇಳುತ್ತೇನೆ. ಚಿಕ್ಕಮಗಳೂರು ಕಡೆಯ ಒಬ್ಬ ಹುಡುಗಿ, ಬಂದು ಎರಡು ತಿಂಗಳಾಗಿತ್ತು, ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಊರಿನ ಉತ್ತರ ಭಾಗದ ಒಂದು ಸಣ್ಣ ಪಬ್‌ಗೆ ಕರೆದುಕೊಂಡು ಹೋದೆ. ಕೈಯಲ್ಲಿ ಸೋಡಾ ಗ್ಲಾಸ್ ಗಟ್ಟಿಯಾಗಿ ಹಿಡಿದು ಕೂತಿದ್ದಳು. ಸೆಟ್ ಮುಗಿಯಿತು. ಕೊಳಲು ಒರೆಸುತ್ತಿದ್ದ ಹಿರಿಯರನ್ನು ಯಾರ ಹತ್ತಿರ ಕಲಿತಿರಿ ಅಂತ ಕೇಳಿದಳು. ಧ್ವನಿ ಎಷ್ಟು ಸಣ್ಣದಿತ್ತೆಂದರೆ ಅವರು ಕಿವಿಯನ್ನೇ ಹತ್ತಿರ ತಂದರು. ಆಮೇಲೆ ಪಶ್ಚಿಮ ಐರ್ಲೆಂಡ್‌ನ ಕ್ಲೇರ್ ಕಡೆಯ ತಮ್ಮ ಮಾವನ ಕಥೆ ಹೇಳಿದರು. ಅರ್ಧ ಇವಳಿಗೆ ಅರ್ಥ ಆಗಲಿಲ್ಲ. ಆದರೆ ಅವಳು ಹೂಂಗುಟ್ಟಲಿಲ್ಲ, ಇನ್ನೊಂದು ಸಲ ಹೇಳ್ತೀರಾ ಅಂದಳು. ಅವರು ನಿಧಾನವಾಗಿ, ಕೈಯಲ್ಲಿ ತೋರಿಸುತ್ತಾ ಹೇಳಿದರು. ನಂತರ, ನೀನು ಎಲ್ಲಿಯವಳಮ್ಮ ಅಂತ ಅವರೇ ಕೇಳಿದರು. ಇಂಡಿಯಾ ಅಂದಳು, ಸುಮ್ಮನಾದಳು. ಅಲ್ಲಿಗೆ ಮಾತು ನಿಂತಿತು.

ಮನೆಗೆ ಹೋಗುವ ದಾರಿಯಲ್ಲಿ ನಾನು ಹೇಳಿದ್ದು ಅದನ್ನೇ. ಇಂಡಿಯಾ ಅಂದರೆ ಎದುರಿನವರು ಮುಂದೇನು ಕೇಳಬೇಕು? ಕಾಫಿ ತೋಟದ ಊರಿನವಳು ಅನ್ನು. ಮುಂದಿನ ವಾರ ಹಾಗೆ ಅಂದಳು. ಕಾಫಿ ಹಣ್ಣು ಯಾವ ಬಣ್ಣ, ಯಾರು ಬಿಡಿಸುತ್ತಾರೆ, ತೋಟಕ್ಕೆ ಆನೆ ಬರುತ್ತಾ, ಹೀಗೆ ಪ್ರಶ್ನೆ ಮೇಲೆ ಪ್ರಶ್ನೆ. ಎರಡು ಸೆಟ್‌ಗಳ ಬಿಡುವಿನಲ್ಲೂ ಅವಳೇ ಮಾತಾಡಿದಳು. ಅವಳ ವ್ಯಾಕರಣ ತಪ್ಪಿತ್ತು. ಯಾರೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ. ಪಬ್‌ನಲ್ಲಿ ತಿದ್ದುವ ಮೇಷ್ಟ್ರು ಪಾಠ ಹಾಳು ಮಾಡುತ್ತಾನೆ.

ಹೋದ ಜಾಗಕ್ಕೇ ಮತ್ತೆ ಹೋಗಿ, ವಾರದ ಅದೇ ದಿನ, ಅದೇ ಹೊತ್ತು. ಸೆಷನ್‌ಗೆ ಬರುವವರು ಸಾಮಾನ್ಯವಾಗಿ ಅದೇ ಜನ. ಮೂರನೇ ವಾರ ಯಾರಾದರೂ ಒಬ್ಬರು, ಓ ಮತ್ತೆ ಬಂದ್ಯಾ ಅಂತಾರೆ. ಊರೆಲ್ಲ ಸುತ್ತಿ ಹತ್ತು ಪಬ್ ನೋಡಿದವನಿಗೆ ಆ ಮಾತು ಸಿಗಲ್ಲ.

ಮತ್ತೆ, ಎಲ್ಲ ಜೋಡಿಗಳೂ ಹೋಗಿ ಬಂದ ಮೇಲೆ ಚಹಾ ಕುಡಿಯುತ್ತಾ ಅವರನ್ನೆಲ್ಲ ಸೇರಿಸಿ, ಅಲ್ಲಿ ಯಾರು ಏನು ಹೇಳಿದರು ಅಂತ ಇಂಗ್ಲಿಷ್‌ನಲ್ಲಿ ಒಬ್ಬರಿಗೊಬ್ಬರು ಹೇಳಿಸಿ. ಹದಿನೈದು ನಿಮಿಷ ಸಾಕು. ಸಂಘದವರು ಮಾಡಬೇಕಾದ ನಿಜವಾದ ಕೆಲಸ ಇದು, ಬಸ್ ಬುಕ್ ಮಾಡುವುದಲ್ಲ. ಅರ್ಥವಾಗದೆ ಉಳಿದದ್ದು ಹೊರಗೆ ಬರುವುದು ಆಗಲೇ. ಒಬ್ಬ ಹುಡುಗ ಹೇಳಿದ: ಪಕ್ಕದವರು ಐ ಆಮ್ ಆಫ್ಟರ್ ಮಿಸ್ಸಿಂಗ್ ದ ಬಸ್ ಅಂದರು, ಬಸ್ ತಪ್ಪಿದ ಮೇಲೆ ಏನಾಯ್ತು ಅಂತ ಕಾದೆ, ಅವರು ಮುಂದೆ ಏನೂ ಹೇಳಲಿಲ್ಲ. ವಾಕ್ಯ ಅಲ್ಲಿಗೇ ಮುಗಿದಿತ್ತು. ಈಗಷ್ಟೇ ಬಸ್ ತಪ್ಪಿತು ಅಂತ ಅರ್ಥ. ಐರಿಷ್ ಭಾಷೆಯ ವಾಕ್ಯವೇ ಇಂಗ್ಲಿಷ್ ಬಟ್ಟೆ ಹಾಕಿಕೊಂಡು ಬಂದಿದೆ. ಹಾಗೆಯೇ ಗಿವಿಂಗ್ ಔಟ್ ಅಂದರೆ ಇಲ್ಲಿ ಬೈಯುವುದು, ಗ್ರ್ಯಾಂಡ್ ಅಂದರೆ ಸರಿ, ಪರವಾಗಿಲ್ಲ. ಇವು ಕೂತು ಕೇಳಿಸಿಕೊಂಡವರಿಗೆ ಮಾತ್ರ ಸಿಗುತ್ತವೆ.

ಕೆಲವು ಮರ್ಯಾದೆಗಳು. ನುಡಿಸುವವರ ಮೇಜಿನ ಕುರ್ಚಿ ಖಾಲಿ ಇದ್ದರೂ ಕೂರಬೇಡಿ. ಕೇಳದೆ ವಿಡಿಯೋ ಮಾಡಬೇಡಿ. ಯಾರಾದರೂ ಒಬ್ಬರೇ ಹಾಡಲು ಶುರು ಮಾಡಿದರೆ ಪಿಸುಮಾತೂ ಬೇಡ. ಹಾಡು ಕೇಳುವ ಆಸೆ ಇದ್ದವರು ಪಾರ್ನೆಲ್ ಸ್ಕ್ವೇರ್‌ನ ಟೀಚರ್ಸ್ ಕ್ಲಬ್‌ನಲ್ಲಿ ಸೇರುವ ಅನ್ ಗೋಲೀನ್‌ಗೆ ಹೋಗಿ. 1979ರಿಂದ ನಡೆಯುತ್ತಿರುವ ಹಾಡುಗಾರರ ಕೂಟ ಅದು. ಇಂಥ ಕೂಟಗಳಲ್ಲಿ ನೋಬಲ್ ಕಾಲ್ ಅನ್ನುವ ಪದ್ಧತಿ ಇದೆ: ಹಾಡಿದವರು ಮುಂದೆ ಯಾರು ಹಾಡಬೇಕು ಅಂತ ಕರೆಯುತ್ತಾರೆ. ನಿಮ್ಮ ಕಡೆ ಕೈ ತೋರಿಸಿದರೆ ಒಂದು ಕನ್ನಡ ಜನಪದ ಗೀತೆ ಹಾಡಿ, ಅದರ ಅರ್ಥವನ್ನು ಇಂಗ್ಲಿಷ್‌ನಲ್ಲಿ ಎರಡು ಮಾತು ಹೇಳಿ. ಆ ಎರಡು ಮಾತನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿ.

ದೊಡ್ಡ ಗದ್ದಲದ ಶೋಗೆ ಟಿಕೆಟ್ ತೆಗೆದುಬಿಟ್ಟಿದ್ದೀರಾ? ಹೋಗಿ, ಆದರೆ ಮಾತನ್ನು ಹೊರಗಿನ ಕ್ಯೂನಲ್ಲಿ ಆಡಿ. ಇನ್ನೊಂದು ಜಾಗ ಪಬ್‌ನ ಸ್ಮೋಕಿಂಗ್ ಏರಿಯಾ. 2004ರ ಮಾರ್ಚ್ 29ರಿಂದ ಇಲ್ಲಿ ಪಬ್ ಒಳಗೆ ಸಿಗರೇಟ್ ಸೇದುವಂತಿಲ್ಲ, ಹಾಗಾಗಿ ಸೇದುವವರು, ಅವರ ಜೊತೆ ಸುಮ್ನೆ ಗಾಳಿಗೆ ಬಂದವರು, ಎಲ್ಲರೂ ಹೊರಗೆ. ಅಲ್ಲಿ ಮಾತು ಕೇಳಿಸುತ್ತದೆ. ನೀವು ಸೇದಬೇಕಿಲ್ಲ, ಸೇದಲೂಬೇಡಿ.

ಪ್ರಶ್ನೆ: ಒಂದು ಬಿಯರ್ ಕುಡಿದರೆ ಇಂಗ್ಲಿಷ್ ಸಲೀಸಾಗಿ ಬರುತ್ತೆ ಅಂತಾರೆ. ರಿಸರ್ಚ್ ಕೂಡ ಇದೆಯಂತೆ, ನಿಜಾನಾ?

ಈ ರಿಸರ್ಚ್ ತೋರಿಸಿ ಕುಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನ ಅದು. ಆಗಷ್ಟೇ ಡಚ್ ಕಲಿತಿದ್ದ 50 ಜರ್ಮನ್ ವಿದ್ಯಾರ್ಥಿಗಳು, ಬಹಳ ಸ್ವಲ್ಪ ಪ್ರಮಾಣದ ಮದ್ಯ. ಕೇಳುಗರು ಅವರ ಉಚ್ಚಾರಣೆಗೆ ಸ್ವಲ್ಪ ಹೆಚ್ಚು ಅಂಕ ಕೊಟ್ಟರು. ಅಷ್ಟೇ. ಜಾಸ್ತಿ ಕುಡಿದರೆ ಏನಾಗುತ್ತದೆ ಅಂತ ಅದು ಹೇಳಿಲ್ಲ. ಕುಡಿಯದವರು ಸೋಡಾ, ಜ್ಯೂಸ್ ತೆಗೆದುಕೊಳ್ಳಿ, ಯಾರೂ ಏನೂ ಅನ್ನಲ್ಲ. ಇಲ್ಲಿ ಒಬ್ಬರು ಎಲ್ಲರಿಗೂ ಕೊಡಿಸುವ ರೌಂಡ್ ಪದ್ಧತಿ ಇದೆ. ನಾನು ರೌಂಡ್‌ನಲ್ಲಿ ಇಲ್ಲ ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ನಿಮ್ಮ ಸರದಿ ಬಂದಾಗ ಜೇಬು ಖಾಲಿ.

ಪ್ರಶ್ನೆ: ಮಲಗುವಾಗ ಇಂಗ್ಲಿಷ್ ಹಾಡು, ಮೊಜಾರ್ಟ್ ಕೇಳಿಸಿ 30 ದಿನದಲ್ಲಿ ಇಂಗ್ಲಿಷ್ ಕಲಿಸುವ ಆನ್‌ಲೈನ್ ಕೋರ್ಸ್ ಸೇರಬಹುದಾ?

ಬೇಡ. ಅದು ಹಗಲು ದರೋಡೆ. ಮೊಜಾರ್ಟ್ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಅನ್ನುವ ಮಾತು ಹುಟ್ಟಿದ್ದು 1993ರ ಒಂದು ಪ್ರಯೋಗದಿಂದ. ಅದರಲ್ಲಿ ಇದ್ದದ್ದು 36 ವಿದ್ಯಾರ್ಥಿಗಳು, ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ, ಅದೂ ಆಕಾರಗಳನ್ನು ಊಹಿಸುವ ಲೆಕ್ಕದಲ್ಲಿ. ಭಾಷೆಗೂ ಅದಕ್ಕೂ ಸಂಬಂಧವೇ ಇಲ್ಲ.

ಪ್ರಶ್ನೆ: ಹಾಡು ಬಾಯಿಪಾಠ ಮಾಡಿದರೆ ಐರಿಷ್ ಆಕ್ಸೆಂಟ್ ಬರುತ್ತಾ?

ಬರಲ್ಲ, ಬೇಕಾಗೂ ಇಲ್ಲ.

ಪ್ರಶ್ನೆ: ಸೆಷನ್‌ಗೆ ಹೋದರೆ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್‌ನಲ್ಲಿ ಸ್ಕೋರ್ ಜಾಸ್ತಿ ಆಗುತ್ತಾ?

ಹೆದರಿಕೆ ಕಡಿಮೆ ಆಗುತ್ತದೆ. ಆ 11ರಿಂದ 14 ನಿಮಿಷದ ಪರೀಕ್ಷೆಗೆ ಬೇರೆ ತಯಾರಿ ಮಾಡಿ.

ಪ್ರಶ್ನೆ: ನನ್ನ ತಮ್ಮನಿಗೆ 17. ಅವನನ್ನೂ ಕರೆದುಕೊಂಡು ಹೋಗಲಾ?

ಮಧ್ಯಾಹ್ನದ ಸೆಷನ್‌ಗೆ ಹೋಗಿ. 18 ಆಗದವರು ರಾತ್ರಿ 9ರ ನಂತರ ಬಾರ್‌ನಲ್ಲಿ ಇರುವಂತಿಲ್ಲ, ಮೇನಿಂದ ಸೆಪ್ಟೆಂಬರ್‌ವರೆಗೆ 10ರ ನಂತರ.

ಪ್ರಶ್ನೆ: ಮಗಳು ಇಂಗ್ಲಿಷ್ ಕಲಿಯಲು ಪಬ್‌ಗೆ ಹೋಗುತ್ತೇನೆ ಅಂತಾಳೆ. ನಮಗೆ ಊರಲ್ಲಿ ಕೂತು ಭಯ ಆಗುತ್ತದೆ ಮೇಡಂ.

ಭಯ ನನಗೆ ಅರ್ಥ ಆಗುತ್ತದೆ ಅಮ್ಮ. ಸೆಷನ್ ನಡೆಯುವ ಪಬ್‌ಗಳಲ್ಲಿ ಅಜ್ಜಂದಿರು, ಅಜ್ಜಿಯರು, ಹಗಲಲ್ಲಾದರೆ ಮಕ್ಕಳು ಕೂಡ ಇರುತ್ತಾರೆ. ನಮ್ಮ ಬಾರ್‌ಗಳನ್ನು ನೆನೆಸಿಕೊಂಡು ಅಳೆಯಬೇಡಿ. ಆದರೂ ನಾನು ಸ್ವಲ್ಪ ಹೆಚ್ಚೇ ಹುಷಾರಿನವಳು. ಬಂದ ಮೊದಲ ಎರಡು ವಾರ ಯಾರನ್ನೂ ಕರೆದುಕೊಂಡು ಹೋಗಲ್ಲ, ಮೊದಲು ಬಸ್ಸು, ದಾರಿ ಗೊತ್ತಾಗಲಿ. ಗ್ಲಾಸ್ ಬಿಟ್ಟು ಎದ್ದರೆ ವಾಪಸ್ ಬಂದು ಅದನ್ನು ಕುಡಿಯಬಾರದು. ಜೋಡಿಯಾಗಿ ಹೋದವರು ಜೋಡಿಯಾಗೇ ಮನೆಗೆ ಬರಬೇಕು, ಒಬ್ಬರಿಗೆ ಇನ್ನೂ ಕೂರುವ ಮನಸ್ಸಿದ್ದರೂ. ಪಬ್ ಇಷ್ಟವಿಲ್ಲ ಅಂದರೆ ಅರ್ಲ್ಸ್‌ಫೋರ್ಟ್ ಟೆರೇಸ್‌ನ ನ್ಯಾಷನಲ್ ಕಾನ್ಸರ್ಟ್ ಹಾಲ್ ಇದೆ. ವಿರಾಮದ ಹೊತ್ತಲ್ಲಿ ಪಕ್ಕದ ಸೀಟಿನ ಹಿರಿಯರನ್ನು ಮಾತಾಡಿಸಲಿ, ಅವರಿಗೆ ಪುರುಸೊತ್ತೂ ಇರುತ್ತದೆ, ತಾಳ್ಮೆಯೂ ಇರುತ್ತದೆ. ಮನೆ ತಲುಪಿದ ಮೇಲೆ ನಿಮಗೊಂದು ಮೆಸೇಜ್ ಹಾಕಲು ಹೇಳಿ. ಚಳಿಗಾಲದಲ್ಲಿ ಇಲ್ಲಿ ರಾತ್ರಿ ಹತ್ತೂವರೆ ಅಂದರೆ ನಿಮಗೆ ಬೆಳಗಿನ ಜಾವ 4 ಗಂಟೆ. ಕಾಯುತ್ತಾ ಕೂರಬೇಡಿ, ಎದ್ದ ಮೇಲೆ ನೋಡಿ.