ಸೌದಿ ಅರೇಬಿಯಾದಲ್ಲಿ ಹೆಂಗಸರ ದಿನಚರಿಯನ್ನು ನಿರ್ಧರಿಸುವುದು ಯಾವುದು?

ಸೌದಿ ಅರೇಬಿಯಾದಲ್ಲಿ ಕೆಲಸ ಮಾಡಿ ಬಂದವರಿಗೆ ಅಲ್ಲಿನ ಹೆಂಗಸರ ನಿತ್ಯದ ಬದುಕು ಹೇಗೆ ಕಂಡಿತು, ಟಿ.ವಿ.ಯಲ್ಲಿ ತೋರಿಸುವಷ್ಟು ಬಿಗಿ ನಿಜಕ್ಕೂ ಇದೆಯೇ ಎಂದು ಕೇಳಿದ್ದೀರಿ. ನಾನು ಉಡುಪಿ ಕಡೆಯವಳು. 2012ರಿಂದ 2021ರವರೆಗೆ ದಮ್ಮಾಮ್‌ನ ಒಂದು ಆಸ್ಪತ್ರೆಯ ಮಹಿಳಾ ವಿಭಾಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ದಮ್ಮಾಮ್ ಇರುವ ಪೂರ್ವ ಪ್ರಾಂತ್ಯ ತೈಲದ ನೆಲ. ಹೊರದೇಶದವರನ್ನು ಕಂಡು ಬಳಕೆಯಾದ ಊರುಗಳು, ವಾರಾಂತ್ಯಕ್ಕೆ ಸೇತುವೆ ದಾಟಿದರೆ ಬಹರೈನ್. ಕಸೀಮ್‌ನಂಥ ಕಟ್ಟುನಿಟ್ಟಿನ ಪ್ರಾಂತ್ಯದಲ್ಲಿ ನಾನು ಬಾಳಿದವಳಲ್ಲವಾದ್ದರಿಂದ, ಮುಂದೆ ಹೇಳುವುದನ್ನು ಇಡೀ ದೇಶದ ಚಿತ್ರವೆಂದು ಓದಬಾರದು.

ಹೊರಗಿನವರ ಕಣ್ಣಿಗೆ ಮೊದಲು ಬೀಳುವುದು ಅಬಾಯ ಎಂಬ, ಮೈತುಂಬ ಮುಚ್ಚುವ ಕಪ್ಪು ನಿಲುವಂಗಿ, ನಮ್ಮವರ ಪ್ರಶ್ನೆಗಳೆಲ್ಲ ನಿಲ್ಲುವುದೂ ಅಲ್ಲಿಯೇ. ನನ್ನಲ್ಲಿಗೆ ಬರುತ್ತಿದ್ದ ಹೆಂಗಸರು ಅಬಾಯದ ವಿಷಯ ಎತ್ತುತ್ತಿದ್ದುದು ತೋಳಿನ ಕಸೂತಿ ಚೆನ್ನಾಗಿದೆಯೇ, ಹೊಲಿಗೆಯವನು ಎಷ್ಟು ತೆಗೆದುಕೊಂಡ ಎಂಬಷ್ಟಕ್ಕೆ ಮಾತ್ರ. ಅದನ್ನು ಮನಸಾರೆ ಒಪ್ಪಿದವರೂ ಇದ್ದರು, ವಿಮಾನ ಹತ್ತಿದ ಕೂಡಲೇ ಮಡಚಿ ಚೀಲಕ್ಕೆ ಹಾಕುವವರೂ ಇದ್ದರು. ಆದರೆ ಅವರ ನಿಜವಾದ ಗೋಳು ಎರಡು: ಹೊರಗೆ ಹೋಗಬೇಕೆಂದರೆ ಕರೆದುಕೊಂಡು ಹೋಗುವವರು ಯಾರು, ಒಂದು ಕೆಲಸ ಆಗಬೇಕೆಂದರೆ ಒಪ್ಪಿಗೆ ಕೊಡುವವರು ಯಾರು.

ಒಪ್ಪಿಗೆ ಕೊಡುವವನನ್ನು ಅಲ್ಲಿ ವಲಿ ಎನ್ನುತ್ತಾರೆ. ಮೊದಲು ತಂದೆ, ಮದುವೆಯ ನಂತರ ಗಂಡ, ಅವರಿಬ್ಬರೂ ಇಲ್ಲದಿದ್ದರೆ ಅಣ್ಣತಮ್ಮಂದಿರು ಇಲ್ಲವೇ ಹೊಟ್ಟೆಯಲ್ಲಿ ಹುಟ್ಟಿದ ಮಗ. 2019ರ ಆಗಸ್ಟ್‌ನಲ್ಲಿ ನಿಯಮ ಬದಲಾಗುವವರೆಗೆ, ಎಷ್ಟೇ ವಯಸ್ಸಾದ ಹೆಂಗಸಾದರೂ ಪಾಸ್‌ಪೋರ್ಟ್ ಮಾಡಿಸಲು ಮತ್ತು ದೇಶದಿಂದ ಹೊರಗೆ ಹೋಗಲು ವಲಿಯ ಅನುಮತಿ ಬೇಕಿತ್ತು. ಅಬ್ಶಿರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಅವನು ಒಂದು ಗುಂಡಿ ಒತ್ತಿದರೆ ಅದು ಸಿಗುತ್ತಿತ್ತು. ಮಂಡಿನೋವಿಗೆಂದು ಬರುತ್ತಿದ್ದ ವಿಧವೆಯೊಬ್ಬರು ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಬಹರೈನ್‌ನಲ್ಲಿರುವ ತಂಗಿಯ ಮನೆಗೆ ಹೋಗಬೇಕಾದಾಗಲೆಲ್ಲ, ಕಾಲೇಜು ಓದುವ ಮಗನ ಫೋನ್‌ನಿಂದ ಒಪ್ಪಿಗೆ ಬರಬೇಕಿತ್ತು. ಅವನ ಕಾಲೇಜಿನ ಶುಲ್ಕ ಕಟ್ಟುತ್ತಿದ್ದವರು ಇವರೇ. ನಮ್ಮದೇ ವಿಭಾಗದ ಕಿರಿಯ ಸಹೋದ್ಯೋಗಿಯ ತಂದೆಯಾದರೋ, ಅದೇ ಆ್ಯಪ್‌ನಲ್ಲಿ ವರ್ಷಗಟ್ಟಲೆಗೆ ಒಮ್ಮೆಲೇ ಅನುಮತಿ ಕೊಟ್ಟು ಆ ವಿಷಯವನ್ನು ಮರೆತೇಬಿಟ್ಟಿದ್ದರು. ಆಕೆ ಜೋರ್ಡಾನಿನಲ್ಲಿ ಓದಿ ಬಂದವಳು. ಕಾನೂನು ಇಬ್ಬರಿಗೂ ಒಂದೇ. ಯಾವ ಮನೆಯಲ್ಲಿ ಹುಟ್ಟಿದ್ದೀರಿ, ಆ ಮನೆಯ ಗಂಡಸು ಎಂಥವನು ಎಂಬುದರ ಮೇಲೆ ಹೆಣ್ಣಿನ ಬಾಳು ನಿಂತಿರುತ್ತದೆ, ಮತ್ತು ಅದು ಆಕೆಯ ಕೈಯಲ್ಲಿರುವ ಸಂಗತಿಯಲ್ಲ. ಅಲ್ಲಿನ ಒಳ್ಳೆಯ ಗಂಡಸರನ್ನು ಹೊಗಳುವವರು ಈ ಮಾತನ್ನು ಸುಲಭವಾಗಿ ಮರೆಯುತ್ತಾರೆ.

ಹೆಂಗಸರು ವಾಹನ ಓಡಿಸಬಾರದೆಂಬ ನಿಷೇಧದ ಕಥೆ ಹೆಚ್ಚು ಜನರಿಗೆ ಗೊತ್ತು. 1990ರ ನವೆಂಬರ್‌ನಲ್ಲಿ ರಿಯಾದ್‌ನಲ್ಲಿ 47 ಮಂದಿ ಹೆಂಗಸರು ಸಾಲಾಗಿ ಕಾರು ಓಡಿಸಿ ಕೆಲಸವನ್ನೂ ಪಾಸ್‌ಪೋರ್ಟನ್ನೂ ಕಳೆದುಕೊಂಡರು. 2011ರಲ್ಲಿ, ನಮ್ಮ ಪಕ್ಕದ ಅಲ್ ಖೋಬರ್‌ನಲ್ಲಿ ಮನಾಲ್ ಅಲ್ ಶರೀಫ್ ಕಾರು ಓಡಿಸಿದ ವಿಡಿಯೋ ಹಾಕಿ ಜೈಲು ಕಂಡರು. ತಮಾಷೆಯೆಂದರೆ ಅಲ್ಲಿಂದ ಕೂಗಳತೆಯ ದೂರದಲ್ಲಿ, ಧಹರಾನ್‌ನ ಅರಾಮ್ಕೊ ತೈಲ ಕಂಪನಿಯ ಆವರಣದ ಒಳಗೆ, ಹೆಂಗಸರು ಮೊದಲಿನಿಂದಲೂ ಕಾರು ಓಡಿಸುತ್ತಲೇ ಇದ್ದರು. ಗೇಟು ದಾಟಿದ ಕೂಡಲೇ ಅದು ಅಪರಾಧ. ಕೊನೆಗೆ 2018ರ ಜೂನ್ 24ರಂದು ನಿಷೇಧ ತೆಗೆದರು. ಅದಕ್ಕೆ ಒಂದು ತಿಂಗಳ ಮುಂಚೆ, ಅದಕ್ಕಾಗಿಯೇ ಹೋರಾಡಿದ್ದ ಲುಜೈನ್ ಅಲ್ ಹತ್ಲೂಲ್ ಮೊದಲಾದವರನ್ನು ಬಂಧಿಸಿದ್ದರು. ಆಕೆ ಹೊರಬಂದದ್ದು 2021ರ ಫೆಬ್ರವರಿಯಲ್ಲಿ. ಹಕ್ಕು ಕೊಡುವುದಾದರೆ ನಾವು ಕೊಡುತ್ತೇವೆ, ಕೇಳಿ ಪಡೆದರೆಂದು ಯಾರೂ ಹೇಳಕೂಡದು ಎಂಬುದು ಆಳುವವರ ಧೋರಣೆಯೆಂದು ನಾನು ಅರ್ಥಮಾಡಿಕೊಂಡೆ. ಆಸ್ಪತ್ರೆಯಲ್ಲಿ ಈ ಬಂಧನಗಳ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಕಾರಿನ ಬಗ್ಗೆ ಮಾತ್ರ ಎಲ್ಲರೂ ಮಾತಾಡಿದರು. ಅದಕ್ಕೂ ಮುಂಚೆ ಮಧ್ಯಾಹ್ನದ ಹೊತ್ತಿಗೆ ನಮ್ಮ ಕಾಯುವ ಕೋಣೆ ತುಂಬಿರುತ್ತಿತ್ತು. ಅರ್ಧದಷ್ಟು ಮಂದಿಗೆ ಚಿಕಿತ್ಸೆ ಮುಗಿದಿರುತ್ತಿತ್ತು, ಡ್ರೈವರ್ ಬಂದಿರುತ್ತಿರಲಿಲ್ಲ. ಅವನು ಮಕ್ಕಳನ್ನು ಶಾಲೆಯಿಂದ ತರಬೇಕು, ಅತ್ತಿಗೆಯನ್ನು ಎಲ್ಲೋ ಬಿಡಬೇಕು, ಆಮೇಲೆ ಇಲ್ಲಿಗೆ. ಪರಪುರುಷನೊಬ್ಬನ ಎದುರು ಮುಖ ತೋರಿಸಬಾರದೆಂಬ ಸಮಾಜ, ಕೇರಳದಿಂದಲೋ ಪಾಕಿಸ್ತಾನದಿಂದಲೋ ಬಂದ ಅಪರಿಚಿತ ಡ್ರೈವರನ ಜೊತೆ ದಿನವಿಡೀ ಓಡಾಡಬಹುದೆನ್ನುತ್ತಿದ್ದುದು ನನಗೆ ಕೊನೆಯವರೆಗೂ ಅರಗಲಿಲ್ಲ. ನಿಷೇಧ ತೆಗೆದ ವಾರ ಐವತ್ತು ದಾಟಿದ ಹೆಂಗಸೊಬ್ಬರು ಮಂಡಿಯ ವ್ಯಾಯಾಮದ ನಡುವೆ ಕಾಲು ಚಾಚಿ, "ಡಾಕ್ಟರ್, ಈ ಕಾಲಿನಿಂದ ಬ್ರೇಕ್ ಒತ್ತಬಹುದೇ?" ಎಂದು ಕೇಳಿದರು. ಆಗಬಹುದು, ತೊಡೆಯ ಸ್ನಾಯುವಿಗೆ ಇನ್ನಷ್ಟು ಬಲ ಬರಬೇಕು ಎಂದೆ. ಅಲ್ಲಿಯವರೆಗೆ ವ್ಯಾಯಾಮ ತಪ್ಪಿಸುತ್ತಿದ್ದವರು ಅನಂತರ ಒಂದು ದಿನವೂ ತಪ್ಪಿಸಲಿಲ್ಲ. ಹೆಂಗಸರ ಡ್ರೈವಿಂಗ್ ಶಾಲೆಯ ಶುಲ್ಕ ಗಂಡಸರದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು, ಆದರೂ ಪಾಳಿಗೆ ಕಾಯಬೇಕಿತ್ತು.

ನನ್ನ ಕಸುಬಿನ ಕಣ್ಣಿಗೆ ಕಂಡ ಇನ್ನೊಂದು ಸಂಗತಿಯಿದೆ. ಅಷ್ಟು ಬಿಸಿಲಿನ ನಾಡಿನಲ್ಲಿ ವಿಟಮಿನ್ ಡಿ ಕೊರತೆ, ಎಳೆಯ ವಯಸ್ಸಿಗೇ ಸೊಂಟನೋವು. ಸೆಕೆ, ಮೈಮುಚ್ಚುವ ಉಡುಪು, ಎತ್ತರದ ಗೋಡೆಯ ಮನೆ, ಎಲ್ಲಿಗೂ ಕಾರು, ಎಲ್ಲ ಸೇರಿ ಹೀಗಾಗುತ್ತದೆ. ಸರ್ಕಾರಿ ಹೆಣ್ಣುಮಕ್ಕಳ ಶಾಲೆಗಳಿಗೆ ದೈಹಿಕ ಶಿಕ್ಷಣ ಬಂದದ್ದೇ 2017ರಲ್ಲಿ. ಆನಂತರದ ಎರಡು ಮೂರು ವರ್ಷಗಳಲ್ಲಿ, ಸಂಜೆ ಕಡಲತೀರದ ಕಾರ್ನಿಶ್ ರಸ್ತೆಯಲ್ಲಿ ಅಬಾಯದ ಕೆಳಗೆ ಸ್ಪೋರ್ಟ್ಸ್ ಶೂ ತೊಟ್ಟು ಬಿರುಸಾಗಿ ನಡೆಯುವ ಹುಡುಗಿಯರ ಗುಂಪುಗಳು ಕಣ್ಣೆದುರೇ ಹೆಚ್ಚಾದವು.

ಇಷ್ಟೆಲ್ಲ ಕೇಳಿ ಅಲ್ಲಿನ ಮನೆಗಳು ಕತ್ತಲೆಕೋಣೆಗಳೆಂದು ತಿಳಿಯಬೇಡಿ. ಹೆಂಗಸರ ಬೈಠಕ್‌ಗಳಲ್ಲಿರುವಷ್ಟು ನಗೆ, ಗಾಸಿಪ್ಪು, ಎದುರಿಗೇ ಹೇಳುವ ಧೈರ್ಯ ನಮ್ಮ ಕಡೆಯ ಹೆಂಗಸರ ಕೂಟಗಳಲ್ಲಿ ನಾನು ಕಂಡದ್ದು ಕಡಿಮೆ. ಏಲಕ್ಕಿ ಹಾಕಿದ ತೆಳು ಕಹ್ವಾ, ಅಂದರೆ ಅರಬ್ಬಿ ಕಾಫಿ, ಜೊತೆಗೆ ಖರ್ಜೂರ. ಪುಟ್ಟ ಬಟ್ಟಲನ್ನು ಕೈಯಲ್ಲಿ ಅಲ್ಲಾಡಿಸಿ ಸಾಕೆಂದು ಸೂಚಿಸುವವರೆಗೆ ಸುರಿಯುತ್ತಲೇ ಇರುತ್ತಾರೆ. ಮದುವೆಗೆ ಹೆಂಗಸರದ್ದೇ ಬೇರೆ ಹಾಲ್, ರಾತ್ರಿ ಹತ್ತರ ಮೇಲೆ ಶುರುವಾಗಿ ಬೆಳಗಿನ ಜಾವದವರೆಗೆ ಕುಣಿತ. ಬಾಗಿಲಲ್ಲೇ ಕ್ಯಾಮೆರಾ ಇರುವ ಫೋನ್‌ಗಳನ್ನು ಇಟ್ಟುಕೊಂಡುಬಿಡುತ್ತಾರೆ. ಮದುಮಗ ಒಳಗೆ ಬರುತ್ತಾನೆಂದು ಸಾರಿದ ಕ್ಷಣ ಅಷ್ಟೂ ಬಣ್ಣಗಳು ಕಪ್ಪಿನೊಳಗೆ ಸೇರಿ, ಅವನು ಹೊರಟ ಕೂಡಲೇ ಮತ್ತೆ ಹೊರಬರುತ್ತವೆ.

ಬದಲಾವಣೆ ನಿಜವೇ ಎಂದರೆ ನಿಜ. ಬೀದಿಯಲ್ಲಿ ಹಿಡಿದು ನಿಲ್ಲಿಸುತ್ತಿದ್ದ ಮುತವ್ವ ಎಂಬ ಧಾರ್ಮಿಕ ಪೊಲೀಸರ ಬಂಧಿಸುವ ಅಧಿಕಾರ 2016ರಲ್ಲಿ ಹೋಯಿತು. 2019ರ ಕೊನೆಗೆ ಹೋಟೆಲುಗಳಲ್ಲಿ ಕುಟುಂಬಕ್ಕೊಂದು, ಗಂಡಸರಿಗೊಂದು ಬಾಗಿಲು ಇರಲೇಬೇಕೆಂಬ ನಿಯಮವೂ ಹೋಯಿತು. ನಾನು ಊರಿಗೆ ಮರಳಿದ ಮರುವರ್ಷ, ಮಕ್ಕಾ–ಮದೀನಾ ರೈಲಿನ 30 ಚಾಲಕಿಯರ ಹುದ್ದೆಗೆ ಸುಮಾರು 28,000 ಹೆಂಗಸರು ಅರ್ಜಿ ಹಾಕಿದ ಸುದ್ದಿ ಓದಿ ನನಗೆ ಆಶ್ಚರ್ಯವಾಗಲಿಲ್ಲ. ಅದೇ 2022ರಲ್ಲಿ ಬಂದ ಕುಟುಂಬ ಕಾನೂನು ಮಾತ್ರ, ಹೆಣ್ಣಿನ ನಿಕಾಹ್ ನಡೆಸಿಕೊಡಬೇಕಾದವನು ವಲಿಯೇ ಎಂಬುದನ್ನು ಬರೆದು ಗಟ್ಟಿಮಾಡಿತು. ವಿಚ್ಛೇದನದ ನಂತರ ಮಕ್ಕಳು ಸಾಮಾನ್ಯವಾಗಿ ತಾಯಿಯ ಬಳಿ ಇದ್ದರೂ ಅವರ ವಲಿ ತಂದೆಯೇ.

ಅಲ್ಲಿನ ಹೆಂಗಸರು ಎಂದಾಗ ಯಾರೂ ಲೆಕ್ಕಕ್ಕೆ ಹಿಡಿಯದವರು ಮನೆಗೆಲಸದವರು: ಫಿಲಿಪ್ಪೀನ್ಸ್, ಇಥಿಯೋಪಿಯ, ಶ್ರೀಲಂಕಾ, ನಮ್ಮ ಆಂಧ್ರ ಕಡೆಯವರು. 2013ರ ನಿಯಮವೇ ಅವರಿಗೆ ವಾರಕ್ಕೊಂದು ರಜೆ ಕೊಟ್ಟಿತ್ತು. ಆದರೆ ಮಾಲೀಕರ ಹಿಡಿತ ಸಡಿಲಿಸಿದ 2021ರ ಕಾರ್ಮಿಕ ಸುಧಾರಣೆಯಿಂದ ಅವರನ್ನು ಹೊರಗಿಟ್ಟರು. ಮೇಡಂನ ಕೈಚೀಲ ಹಿಡಿದು ನನ್ನ ಕೋಣೆಯ ಮೂಲೆಯಲ್ಲಿ ನಿಲ್ಲುತ್ತಿದ್ದವರಲ್ಲಿ ಎಷ್ಟೋ ಮಂದಿಗೆ ಬೆನ್ನುನೋವು ಇತ್ತು. ಅವರಿಗೆ ಚಿಕಿತ್ಸೆ ಕೊಡಬೇಕಾದರೆ ಮೊದಲು ಮೇಡಂ ಒಪ್ಪಬೇಕಿತ್ತು. ಕೆಲವರು ಕೂಡಲೇ ಒಪ್ಪಿ ತಾವೇ ಹಣ ಕಟ್ಟುತ್ತಿದ್ದರು, ಉಳಿದವರು ಮುಂದಿನ ಸಲ ನೋಡೋಣವೆನ್ನುತ್ತಿದ್ದರು.